ಮೂರನೆಯ ಸೀಸೆ

ಜೂನ್ 14, ಶನಿವಾರ

ಮೇಡಂ ಅವರಿಗೆ ಸೀಸೆಯಕ್ಕನ ನಮಸ್ಕಾರಗಳು.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಲ್ಯಾಬಿನ ಸ್ಟೂಲಿನಲ್ಲಿ ಕೂತಲ್ಲೇ ಜೊಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಸೀಸೆಗಳೆಲ್ಲ ಕಪಾಟಿನಿಂದ ತಾವೇ ಇಳಿದು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಎದುರಿಗೆ ಮೂರು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖ ಕಾಣಲಿಲ್ಲ, ಬೂಟು ಮಾತ್ರ ಕಾಣುತ್ತಿತ್ತು. "ಓದಮ್ಮಾ, ಯಾವ ಸೀಸೇಲಿ ಏನಿದೆ?" ಎಂದರು. ಓದಲು ಹೋದರೆ ಚೀಟಿಯ ಅಕ್ಷರಗಳೆಲ್ಲ ಇರುವೆಗಳ ಹಾಗೆ ಹರಿದು ಸೀಸೆಯ ಹಿಂದಕ್ಕೆ ಹೋಗಿಬಿಟ್ಟವು. ನಾನು ಹಿಂದಕ್ಕೆ ಹೋದರೆ ಮತ್ತೆ ಮುಂದಕ್ಕೆ ಬಂದವು. ಎಚ್ಚರವಾದಾಗ ಕೊರಳೆಲ್ಲ ಬೆವೆತು ಒದ್ದೆ. ತಕ್ಷಣ ಎದ್ದು ನಲವತ್ತೊಂದು ಸೀಸೆಗಳ ಚೀಟಿಯನ್ನೂ ಎರಡೆರಡು ಸಲ ಓದಿದೆ. ಎಲ್ಲ ಸರಿಯಾಗಿಯೇ ಇದ್ದವು. ಆದರೂ ಸಮಾಧಾನವಾಗಲಿಲ್ಲ.

ಕನಸು ಸುಮ್ಮನೆ ಬಿದ್ದದ್ದಲ್ಲ ಮೇಡಂ. ಅದರ ಹಿಂದಿನ ದಿನ ಹೆಡ್ ಮಾಸ್ಟರ ಕೋಣೆಗೆ ಎಲ್ಲಿಂದಲೋ ಒಂದು ಫೋನು ಬಂದಿತ್ತಂತೆ. ದೊಡ್ಡ ಗುಮಾಸ್ತರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಲ್ಯಾಬಿಗೇ ಬಂದರು. "ಏನ್ ಸೀಸೆಯಕ್ಕಾ, ನಾಲ್ಕು ವರ್ಷದ ಹಿಂದಿನ ಅಪಘಾತದ ಪುಸ್ತಕ ಎಲ್ಲಿಟ್ಟಿದೀರಿ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. "ಯಾಕೆ ಸಾರ್, ಏನಾಯ್ತು?" ಎಂದೆ. "ಏನೂ ಆಗಿಲ್ಲಮ್ಮಾ, ಆಗಿದ್ದೇನಾದ್ರೂ ಬರೆದಿದೀರಾ ಅಂತ ಕೇಳ್ತಾ ಇದಾರೆ" ಎಂದರು. ಪುಸ್ತಕ ಕೊಟ್ಟೆ. ಆ ವರ್ಷದ ಪುಟಗಳು ಖಾಲಿ ಇರುವುದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಕಡೆ ಯಾರಾದರೂ ಬಂದಿದ್ದರೆ, ಏನಾದರೂ ಕಾಗದ ಬಂದಿದ್ದರೆ, ದಯವಿಟ್ಟು ತಡಮಾಡದೆ ತಿಳಿಸಿ. ಫೋನು ಮಾಡಬೇಡಿ. ಗುಮಾಸ್ತರ ಮೇಜಿನ ಮೇಲಿರುವ ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಹದಿನೈದು ದಿನಕ್ಕೊಂದು ಕಾಗದ ಬರೆಯಿರಿ, ಇಲ್ಲದಿದ್ದರೆ ಕಲಿತ ಅಕ್ಷರ ತುಕ್ಕು ಹಿಡಿಯುತ್ತದೆ ಎಂದು ವರ್ಗವಾಗಿ ಹೋಗುವಾಗ ನೀವೇ ಹೇಳಿದ್ದಿರಿ. ಎರಡು ವರ್ಷದಿಂದ ಒಂದನ್ನೂ ತಪ್ಪಿಸಿಲ್ಲ. ಇದು ಮಾತ್ರ ಐದು ದಿನ ಮುಂಚೆ ಬರುತ್ತಿದೆ.

ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಾಳೆ. "ಹೆದರೋಕೆ ಏನೂ ಇಲ್ಲ ಅಂದ್ರೆ ಅಮ್ಮ ಅದಕ್ಕೂ ಹೆದರ್ತಾಳೆ" ಎಂದು ನಗುತ್ತಾಳೆ. ನಗಲಿ.

ಇಂತಿ,
ಸೀಸೆಯಕ್ಕ


ಜೂನ್ 19, ಗುರುವಾರ

ಪ್ರೀತಿಯ ಅಕ್ಕಾ,

ನಿಮ್ಮ ಕನಸಿನ ಮೂರು ಜೊತೆ ಬೂಟು ಯಾರದೆಂದು ಈಗ ಗೊತ್ತಾಯಿತು. ಕೂತುಕೊಂಡು ಓದಿ, ನಿಂತು ಓದಬೇಡಿ.

ಗಣಿತ ಮತ್ತು ವಿಜ್ಞಾನವನ್ನು ಚೆನ್ನಾಗಿ ಕಲಿಸುವವರಿಗೆ ಪ್ರತಿ ವರ್ಷ ಒಂದು ಪ್ರಶಸ್ತಿ ಕೊಡುತ್ತಾರಲ್ಲ, ನಮ್ಮ ಲ್ಯಾಬಿನ ಬಾಗಿಲಿಗೂ ಒಮ್ಮೆ ಅದರ ಪ್ರಕಟಣೆ ಅಂಟಿಸಿದ್ದರು, ಅದಕ್ಕೆ ಯಾರೋ ನನ್ನ ಹೆಸರು ಸೂಚಿಸಿದ್ದಾರೆ. ಮುನ್ನೂರು ಹೆಸರುಗಳಲ್ಲಿ ಒಂಬತ್ತು ಉಳಿದಿವೆಯಂತೆ, ಒಂಬತ್ತರಲ್ಲಿ ನಾನೂ ಒಬ್ಬಳು. ಜುಲೈ ಎಂಟಕ್ಕೆ ಸಮಿತಿಯ ಮೂವರು ಬಂದು ನನ್ನ ಪಾಠ ನೋಡುತ್ತಾರೆ. ಹೆಸರು ಸೂಚಿಸಿದವರು ಯಾರೆಂದು ಕೊನೆಯವರೆಗೂ ಹೇಳುವುದಿಲ್ಲವಂತೆ. ಹಳೆಯ ಹೆಡ್ ಮಾಸ್ಟರೇ ಇರಬೇಕು. ನಿವೃತ್ತಿಯಾದ ಮೇಲೆ ಅವರಿಗೆ ಬೇರೇನು ಕೆಲಸ?

ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಕಾಗದ ಬಂದ ದಿನ ಸ್ಟಾಫ್ ರೂಮಿನ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡೆ. ಇಪ್ಪತ್ತೊಂದು ವರ್ಷ ಸೀಮೆಸುಣ್ಣದ ಪುಡಿ ತಿಂದಿದ್ದೇನೆ. ಒಂದು ಸಲ ಯಾರಾದರೂ ಭೇಷ್ ಅಂದರೆ ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು.

ಪುಸ್ತಕ ಕೇಳಿದ್ದು ಇದಕ್ಕೇ. ಹಿಂದೆ ಕೆಲಸ ಮಾಡಿದ ಶಾಲೆಯಲ್ಲಿ ಏನಾದರೂ ದೂರು ಇದೆಯೇ ಎಂದು ಎಲ್ಲರದ್ದನ್ನೂ ನೋಡುತ್ತಾರೆ. ಖಾಲಿ ಪುಟಕ್ಕೆ ಯಾರೂ ಹೆದರಬೇಕಾಗಿಲ್ಲ.

ನಿಮ್ಮ
ಯಾಕೆ ಮೇಡಂ

(ಇಲ್ಲಿನ ಮಕ್ಕಳೂ ನನಗೆ ಅದೇ ಹೆಸರಿಟ್ಟಿದ್ದಾರೆ. ದಿನಕ್ಕೆ ನೂರು ಸಲ "ಯಾಕೆ?" ಅಂದರೆ ಇನ್ನೇನು ಇಡುತ್ತಾರೆ!)


ಜೂನ್ 25, ಬುಧವಾರ

ಮೇಡಂ,

ನಿಮ್ಮ ಕಾಗದ ಓದಿ ಸಂತೋಷವಾಯಿತು ಎಂದು ಮೊದಲು ಬರೆಯುತ್ತೇನೆ, ಯಾಕೆಂದರೆ ಅದು ನಿಜ. ಆಮೇಲಿನದು ಬೇರೆ.

ಸೋಮವಾರ ಹೆಡ್ ಮಾಸ್ಟರು ಕರೆಸಿದ್ದರು. ಹೊಸಬರು, ವಯಸ್ಸು ಕಡಿಮೆ, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಭಯ. ಗುಮಾಸ್ತರು ಪಕ್ಕದಲ್ಲೇ ನಿಂತಿದ್ದರು.

"ಕೂತ್ಕೊಳಮ್ಮಾ."

"ಬೇಡ ಸಾರ್, ನಿಂತೇ ಇರ್ತೀನಿ."

"ನಾಲ್ಕು ವರ್ಷದ ಹಿಂದೆ ಲ್ಯಾಬಲ್ಲಿ ಯಾರೋ ಒಬ್ಳು ಹುಡುಗಿ ಕೈ ಮೇಲೆ ಆಸಿಡ್ ಬಿದ್ದಿತ್ತಾ?"

"ಗೊತ್ತಿಲ್ಲ ಸಾರ್" ಎಂದೆ.

"ಹನ್ನೆರಡು ವರ್ಷದಿಂದ ಆ ಲ್ಯಾಬಲ್ಲಿರೋದು ನೀವೊಬ್ರೇ. ನಿಮಗೇ ಗೊತ್ತಿಲ್ಲ ಅಂದ್ರೆ ಗೋಡೆಗಳನ್ನ ಕೇಳ್ಬೇಕಾ?" ಎಂದು ಗುಮಾಸ್ತರು ನಕ್ಕರು. "ನೋಡಿ ಸಾರ್, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ಇವರ ಮುಖ."

ನಾನು ನಿಜವಾಗಿಯೂ ಹೆಗಲನ್ನು ಮುಟ್ಟಿಕೊಂಡಿದ್ದೆ ಮೇಡಂ. ಬೆವರು ಒರೆಸಿಕೊಳ್ಳುವುದಕ್ಕೆ.

ಹೆಡ್ ಮಾಸ್ಟರು "ನೆನಪಾದ್ರೆ ಹೇಳಿ" ಎಂದಷ್ಟೇ ಹೇಳಿ ಕಳುಹಿಸಿದರು. ಅಲ್ಲಿಂದೀಚೆಗೆ ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಕಪಾಟಿನ ಹಿಂದಕ್ಕೆ ಸರಿಯುತ್ತೇನೆ. ಅನ್ನ ಸೇರುತ್ತಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷವಿದೆ. ಈಗ ಮನೆಗೆ ಕಳಿಸಿದರೆ ಆರನೆಯ ಕ್ಲಾಸು ಅರ್ಧಕ್ಕೆ ಬಿಟ್ಟ ಹೆಂಗಸಿಗೆ ಇನ್ನೆಲ್ಲಿ ಕೆಲಸ? ಅದಕ್ಕಿಂತ ದೊಡ್ಡ ಹೆದರಿಕೆ ನಿಮ್ಮದು. ಮಗುವಿಗೆ ಸುಟ್ಟದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ ಎಂದು ನಿಮ್ಮ ಮೇಲೆ ಬಂದರೆ? ಅದನ್ನು ಬರೆಯದೆ ಬಿಟ್ಟದ್ದು ಯಾರಿಗಾಗಿ ಎಂದು ನನಗೆ ಗೊತ್ತಿಲ್ಲವೇ? ನಾಲ್ಕು ವರ್ಷದಿಂದ ನಿಮ್ಮ ಆ ಉಪಕಾರದ ನೆರಳಿನಲ್ಲೇ ಉಸಿರಾಡುತ್ತಿದ್ದೇನೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಈ ಪ್ರಶಸ್ತಿ ಬೇಡ ಎಂದು ಬರೆದುಬಿಡಿ. ಮೈ ಸರಿಯಿಲ್ಲ ಅನ್ನಿ, ಬೇರೆ ಯಾರಿಗಾದರೂ ಕೊಡಿ ಅನ್ನಿ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಯಾಕೆ ಎಂದು ಮಾತ್ರ ಕೇಳಬೇಡಿ. ಅದೊಂದನ್ನು ಕೇಳಬೇಡಿ.

ಸೀಸೆಯಕ್ಕ


ಜುಲೈ 1, ಮಂಗಳವಾರ

ಅಕ್ಕಾ,

ನಿಮ್ಮ ಕಾಗದವನ್ನು ಮೂರು ದಿನ ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಮೊದಲ ದಿನ ಸಿಟ್ಟು ಬಂತು. ನನಗೊಂದು ಒಳ್ಳೆಯದಾಗುವಾಗ ನೀವೂ ಬೇಡ ಎನ್ನುತ್ತೀರಲ್ಲ ಎಂದು. ಇಲ್ಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾ ಅದನ್ನೇ ಹೇಳುತ್ತಿದ್ದಾರೆ. "ನಿಮಗ್ಯಾಕೆ ಮೇಡಂ ಈ ವಯಸ್ಸಲ್ಲಿ ಪರೀಕ್ಷೆ?" ಅನ್ನುತ್ತಾರೆ. ನಿಮ್ಮಿಂದ ಅದು ಬರುತ್ತದೆಂದು ಎಣಿಸಿರಲಿಲ್ಲ.

ಎರಡನೆಯ ದಿನ ಸಮಿತಿಯಿಂದ ಇನ್ನೊಂದು ಕಾಗದ ಬಂತು. ಆಗ ನಿಮ್ಮ ಹೆದರಿಕೆ ಎಲ್ಲಿಂದ ಹುಟ್ಟಿತೆಂದು ಅರ್ಥವಾಯಿತು. ನನ್ನ ಬಗ್ಗೆ ಅವರಿಗೆ ಬಂದಿರುವ ಬರಹಗಳಲ್ಲಿ ಒಂದರಲ್ಲಿ ಆಸಿಡ್ ಪ್ರಸಂಗವಿದೆಯಂತೆ. "ತೆಳು ಆಸಿಡ್ ಇರಬೇಕಾದ ಸೀಸೆಯಲ್ಲಿ ಗಟ್ಟಿ ಆಸಿಡ್ ಹೇಗೆ ಬಂತು? ಯಾಕೆ ದಾಖಲಿಸಲಿಲ್ಲ? ಎಂಟನೆಯ ತಾರೀಖು ವಿವರಣೆ ಕೊಡಿ" ಎಂದಿದ್ದಾರೆ.

ಯಾರೋ ಹೊಟ್ಟೆಕಿಚ್ಚಿನವರು ಹುಡುಕಿ ಹುಡುಕಿ ಬರೆದಿದ್ದಾರೆ. ಯಾರಿರಬಹುದು? ಕ್ಲಾಸಿನ ಮಕ್ಕಳು ಕಂಡದ್ದು ಅರ್ಧ. ಆ ದಿನದ್ದು ಪೂರ್ತಿ ಗೊತ್ತಿರುವುದು ನಿಮಗೆ, ನನಗೆ, ಮೂರನೆಯ ಮೇಜಿನ ಆ ಎಡಗೈ ಹುಡುಗಿಗೆ ಮತ್ತು ಅವಳ ತಾಯಿಗೆ. ತಾಯಿಯ ಮೇಲೆ ನನಗೆ ಅನುಮಾನ. ಆವತ್ತು ಬಾಯಿ ಮುಚ್ಚಿಕೊಂಡು ಹೋದವರು ಈಗ ತೆರೆದಿರಬಹುದು. ನಿಮ್ಮ ಮೇಲೆ ಅನುಮಾನವಿಲ್ಲ ಎಂದು ಬರೆಯುವುದೇ ನಿಮಗೆ ಅವಮಾನ, ಆದರೂ ನೀವು ನೀವೇ ಆಗಿರುವುದರಿಂದ ಬರೆಯುತ್ತಿದ್ದೇನೆ.

ಏನು ಹೇಳಬೇಕೆಂದು ತೀರ್ಮಾನ ಮಾಡಿದ್ದೇನೆ. ಲ್ಯಾಬು ನನ್ನ ಸುಪರ್ದಿಯಲ್ಲಿತ್ತು, ಜವಾಬ್ದಾರಿ ನನ್ನದು. ಅಷ್ಟೇ. ನಿಮ್ಮ ಹೆಸರು ನನ್ನ ಬಾಯಿಂದ ಬರುವುದಿಲ್ಲ. ನೀವು ಊಟ ಮಾಡಿ.

ಯಾಕೆ ಮೇಡಂ


ಜುಲೈ 6, ಭಾನುವಾರ

ಮೇಡಂ,

ಈ ಕಾಗದವನ್ನು ನಾಲ್ಕು ಸಲ ಹರಿದು ಐದನೆಯ ಸಲ ಬರೆಯುತ್ತಿದ್ದೇನೆ. ಮಗಳು ಎದುರಿಗೆ ಕೂತಿದ್ದಾಳೆ, ಇದನ್ನೂ ಹರಿದರೆ ಕೈ ಹಿಡಿಯುತ್ತಾಳಂತೆ.

ಆ ಹುಡುಗಿಯ ತಾಯಿಯನ್ನು ಬೈಯಬೇಡಿ. ಬರೆದವಳು ನಾನು. ನಿಮ್ಮ ಹೆಸರು ಸೂಚಿಸಿದ್ದೂ ನಾನು, ಆಸಿಡ್ ಪ್ರಸಂಗ ಬರೆದದ್ದೂ ನಾನು. ಎರಡೂ ಒಂದೇ ಕಾಗದ.

ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆಯಲ್ಲಿ "ಶಿಕ್ಷಕರ ಕೆಲಸವನ್ನು ಮೂರು ವರ್ಷ ಹತ್ತಿರದಿಂದ ಕಂಡ ಯಾರಾದರೂ" ಎಂದಿತ್ತು. ಯಾರಾದರೂ ಅಂದರೆ ನಾನೂ ಆಗಬಹುದಲ್ಲ ಎಂದುಕೊಂಡೆ. ಈ ವರ್ಷ ಧೈರ್ಯ ಮಾಡಿ ಫಾರಂ ತರಿಸಿದೆ. ಯಾರಿಂದಲೂ ತಿದ್ದಿಸಬಾರದು, ನೀವು ಕಲಿಸಿದ ಅಕ್ಷರದಲ್ಲೇ ಹೋಗಲಿ ಎಂದು ಹಟ. ಹತ್ತು ದಿನ ಹಿಡಿಯಿತು. ಅಳತೆಯ ಗಾಜಿನಲ್ಲಿ ನೀರು ಹೊಯ್ದು ನನಗೆ ಭಿನ್ನರಾಶಿ ಹೇಳಿಕೊಟ್ಟದ್ದನ್ನು ಬರೆದೆ. ಅರ್ಧದಲ್ಲಿ ಕಾಲು ಎಷ್ಟು ಸಲ ಇದೆ ಎಂದು ಹೊಯ್ದು ತೋರಿಸಿದ್ದಿರಿ. ಆರನೆಯ ಕ್ಲಾಸಿನಲ್ಲಿ ಬಿಟ್ಟದ್ದನ್ನು ನಲವತ್ತೇಳನೆಯ ವಯಸ್ಸಿನಲ್ಲಿ ಹಿಡಿದೆ ಎಂದು ಬರೆದೆ.

ಕೊನೆಯ ಪ್ರಶ್ನೆ ಹೀಗಿತ್ತು: "ಕಷ್ಟದ ಸಮಯದಲ್ಲೂ ಈ ಶಿಕ್ಷಕರು ಕಲಿಸಿದ ಒಂದು ಪ್ರಸಂಗ." ನನ್ನ ತಲೆಗೆ ಬೇರೆ ಯಾವುದು ಬರುತ್ತದೆ ಹೇಳಿ? ನಾನು ಬಾಗಿಲಿಗೆ ಬಂದಾಗ ಕಂಡದ್ದನ್ನು ಕಂಡ ಹಾಗೆ ಬರೆದೆ. ಎಡಗೈ ಹುಡುಗಿಯ ಮಣಿಕಟ್ಟನ್ನು ನೀವು ನಲ್ಲಿಯ ಕೆಳಗೆ ಹಿಡಿದಿದ್ದಿರಿ. ಇಪ್ಪತ್ತು ನಿಮಿಷ ಹಿಡಿಯಬೇಕು, ಅಂದರೆ ಎಷ್ಟು ಸೆಕೆಂಡು ಎಂದು ಕೇಳಿ, ಇಡೀ ಕ್ಲಾಸಿನಿಂದ ಸಾವಿರದ ಇನ್ನೂರರವರೆಗೆ ಎಣಿಕೆ ಮಾಡಿಸಿದಿರಿ. ಅಳುತ್ತಿದ್ದ ಹುಡುಗಿಯೂ ಎಣಿಸಿದಳು. ಮಾರನೆಯ ದಿನ ಬೇರೆಯವರಾಗಿದ್ದರೆ ಲ್ಯಾಬಿಗೆ ಬೀಗ ಹಾಕುತ್ತಿದ್ದರು. ನೀವು ಅದೇ ಮಕ್ಕಳನ್ನು ಕರೆದು, ಗಟ್ಟಿ ಆಸಿಡ್ಡಿಗೆ ನೀರು ತಾಗಿದರೆ ಯಾಕೆ ಕುದಿಯುತ್ತದೆ ಎಂದು ಪಾಠ ಮಾಡಿದಿರಿ. ಆ ಹುಡುಗಿಯನ್ನೇ ಮುಂದೆ ನಿಲ್ಲಿಸಿಕೊಂಡಿರಿ. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬಿತ್ತು ಮೇಡಂ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಅಂಚೆಗೆ ಹಾಕಿ ಮನೆಗೆ ಬರುವ ದಾರಿಯಲ್ಲಿ, ಬಸ್ ನಿಲ್ದಾಣದ ಬೆಂಚಿನ ಹತ್ತಿರ, ಒಮ್ಮೆಲೇ ಹೊಳೆಯಿತು. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಫಾರಮ್ಮಿನಲ್ಲಿ ಬರೆದು ಕೊಟ್ಟಿದ್ದೇನೆ. ಅಲ್ಲೇ ಕೂತೆ. ಮೂರು ಬಸ್ಸು ಹೋದವು.

ಫಾರಮ್ಮಿನಲ್ಲಿ ಒಂದು ಸಂಗತಿ ಮಾತ್ರ ಬರೆದಿರಲಿಲ್ಲ. ಅದನ್ನು ನಿನ್ನೆ ಬರೆದು ಸಮಿತಿಗೆ ಹಾಕಿದ್ದೇನೆ. ಹಿಂದಿನ ಸಂಜೆ ಆರು ಮೇಜಿಗೆ ಆರು ಸೀಸೆ ತುಂಬಿಟ್ಟವಳು ನಾನು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂದಿತ್ತು, ಕೈ ಓಡುತ್ತಿತ್ತು, ತಲೆ ಎಲ್ಲೋ ಇತ್ತು. ಗಟ್ಟಿ ಆಸಿಡ್ಡಿನ ದೊಡ್ಡ ಜಾಡಿಯೂ ತೆಳು ಆಸಿಡ್ಡಿನ ಜಾಡಿಯೂ ಪಕ್ಕಪಕ್ಕ. ಮೂರನೆಯ ಸೀಸೆಗೆ ಯಾವ ಜಾಡಿ ಬಗ್ಗಿಸಿದೆನೋ ದೇವರೇ ಬಲ್ಲ. ತಪ್ಪು ನನ್ನ ಕೈಯದು, ಮೇಡಂ ನನ್ನನ್ನು ಕಾಪಾಡಲು ಸುಮ್ಮನಿದ್ದರು ಎಂದು ಬರೆದು ಸಹಿ ಹಾಕಿದೆ. ಹೆಡ್ ಮಾಸ್ಟರಿಗೂ ಒಂದು ಪ್ರತಿ ಕೊಟ್ಟಾಯಿತು.

ನೀರಿಗೆ ಇಳಿದಾಯಿತು, ಇನ್ನು ಚಳಿ ಏನು ಎನ್ನುತ್ತಾರೆ. ನನಗಂತೂ ಇಳಿದ ಮೇಲೇ ಚಳಿ ಹೆಚ್ಚಾಗಿದೆ. ಹಲ್ಲು ಕಟಕಟ ಅನ್ನುತ್ತಿದೆ.

ಸೀಸೆಯಕ್ಕ


ಜುಲೈ 9, ಬುಧವಾರ

ಅಕ್ಕಾ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ನಿನ್ನೆಯದು ಮುಗಿಯಿತು, ನೀವು ಉಸಿರು ಬಿಡಿ ಎಂದು ಹೇಳಲು ಅವಸರವಾಗಿ ಬರೆಯುತ್ತಿದ್ದೇನೆ.

ಮೂವರೂ ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳಿಗೆ ಲೋಟ, ನೀರು ಕೊಟ್ಟು ಭಿನ್ನರಾಶಿಯ ಭಾಗಾಕಾರ ಮಾಡಿಸಿದೆ. ಅರ್ಧ ಗಂಟೆಯಲ್ಲಿ ನೆಲವೆಲ್ಲ ನೀರು. ಒಬ್ಬಳು ಎದ್ದು, "ಮಿಸ್, ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ, ಇದ್ಯಾಕೆ ಜಾಸ್ತಿ ಆಯ್ತು?" ಎಂದಳು. ಸಮಿತಿಯಲ್ಲಿದ್ದ ಹಿರಿಯ ಹೆಂಗಸು ತಾನೇ ಲೋಟ ಹಿಡಿದು ಕೂತುಬಿಟ್ಟರು.

ಆಮೇಲೆ ಹೆಡ್ ಮಾಸ್ಟರ ಕೋಣೆಯಲ್ಲಿ ಬಾಗಿಲು ಹಾಕಿ ಆಸಿಡ್ ವಿಷಯ ಕೇಳಿದರು. ಸೀಸೆ ಅದಲುಬದಲಾಗಿತ್ತು, ಜವಾಬ್ದಾರಿ ನನ್ನದು, ದಾಖಲಿಸದೆ ಇದ್ದದ್ದು ತಪ್ಪು ಎಂದೆ. "ಸೀಸೆ ತುಂಬೋದು ಸಹಾಯಕರ ಕೆಲಸ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ಅದು ನಿಯಮ, ಅದಕ್ಕೆ ಹೌದು ಎಂದೆ. ಆ ಹಿರಿಯ ಹೆಂಗಸು ನನ್ನ ಕೈ ಮೇಲೆ ಕೈಯಿಟ್ಟು, "ಕೈಕೆಳಗಿನವರ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ಳೋರು ಈ ಕಾಲದಲ್ಲಿ ಎಲ್ಲಿದಾರೆ" ಎಂದರು.

ಮೇಜಿನ ಮೇಲೆ ನೀರಿತ್ತು. ನಾನು ನೀರು ಕುಡಿದೆ.

ನಿಮ್ಮ ಹೆಸರು ಬರಲಿಲ್ಲ. ಎಲ್ಲ ಚೆನ್ನಾಗಿಯೇ ಆಯಿತು. ಬಹುಶಃ ಕೊಡುತ್ತಾರೆ.

ಚೆನ್ನಾಗಿಯೇ ಆಯಿತು ಅಕ್ಕಾ.

ಯಾಕೆ ಮೇಡಂ


ಜುಲೈ 11, ಶುಕ್ರವಾರ

ಅಕ್ಕಾ,

ನಿಮ್ಮ ಆರನೆಯ ತಾರೀಖಿನ ಕಾಗದ ನಿನ್ನೆ ಸಿಕ್ಕಿತು. ಎರಡನೆಯ ಪೀರಿಯಡ್ಡಿಗೆ ಹೋಗದೆ ಓದಿದೆ. ಇಪ್ಪತ್ತೊಂದು ವರ್ಷದಲ್ಲಿ ಪಾಠ ತಪ್ಪಿಸಿದ್ದು ಇದೇ ಮೊದಲು.

ಮೊದಲು ಇದನ್ನು ಓದಿ, ಮಿಕ್ಕದ್ದು ಆಮೇಲೆ. ಮೂರನೆಯ ಸೀಸೆ ತುಂಬಿದ್ದು ನೀವಲ್ಲ. ನಾನು.

ಆ ಬೆಳಿಗ್ಗೆ ನೀವು ಆಸ್ಪತ್ರೆಯಲ್ಲಿದ್ದಿರಿ. ಕ್ಲಾಸಿಗೆ ಮುಂಚೆ ಮೇಜುಗಳನ್ನು ನೋಡಲು ಹೋದೆ. ಮೂರನೆಯ ಸೀಸೆಯಲ್ಲಿ ತಳದಲ್ಲಿ ಒಂದು ಬೆರಳಿನಷ್ಟು ಮಾತ್ರ ಇತ್ತು. ಅವಸರದಲ್ಲಿ ತುಂಬಲು ಮರೆತಿದ್ದಿರಿ, ಅಷ್ಟೇ ನಿಮ್ಮದು. ಅದೊಂದು ತಪ್ಪೇ ಅಲ್ಲ. ಗಂಟೆ ಹೊಡೆದಿತ್ತು, ಮಕ್ಕಳು ಬಾಗಿಲಲ್ಲಿ ನೂಕಾಡುತ್ತಿದ್ದರು. ಜಾಡಿ ಎತ್ತಿ ತುಂಬಿದೆ. ಮಕ್ಕಳ ಕಡೆ ತಿರುಗಿ "ಸಾಲಾಗಿ ಬನ್ನಿ" ಎನ್ನುತ್ತಲೇ ತುಂಬಿದೆ. ಚೀಟಿ ನೋಡಲಿಲ್ಲ. ನಿಮಗೆ ನೂರು ಸಲ ಹೇಳಿಕೊಟ್ಟ ನಿಯಮ, ತುಂಬುವ ಮುಂಚೆ ಒಂದು ಸಲ, ತುಂಬಿದ ಮೇಲೆ ಒಂದು ಸಲ ಓದಬೇಕು ಎಂಬುದು.

ನೀವು ಹನ್ನೊಂದಕ್ಕೆ ಬಂದಿರಿ. ನಲ್ಲಿ ಕಂಡಿರಿ, ಹುಡುಗಿಯನ್ನು ಕಂಡಿರಿ. ಎಲ್ಲರನ್ನೂ ಕಳಿಸಿದ ಮೇಲೆ ನನ್ನ ಕಾಲ ಹತ್ತಿರ ಕುಸಿದು, "ನನ್ನ ಕೈಯಿಂದಲೇ ಆಯ್ತಲ್ಲ ಮೇಡಂ" ಎಂದು ಅತ್ತಿರಿ. ನಾನು ಬಾಯಿ ತೆರೆದೆ. ಹೇಳಲೆಂದೇ ತೆರೆದೆ. ಬಂದ ಮಾತು, "ಅಳಬೇಡಿ ಅಕ್ಕಾ, ಯಾರಿಗೂ ಹೇಳಲ್ಲ." ನೀವು ಅತ್ತಿರಿ, ನಾನು ನಿಮ್ಮನ್ನು ಸಮಾಧಾನ ಮಾಡಿದೆ. ಮಾರನೆಯ ದಿನ ಹೇಳೋಣ ಎಂದುಕೊಂಡೆ. ಆ ದಿನ ನೀವು ನನ್ನ ಕೈ ಹಿಡಿದು, ನಿಮ್ಮ ಋಣ ತೀರಿಸಲಾರೆ ಎಂದಿರಿ. ಅಷ್ಟು ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ವಾರ ಕಳೆದಷ್ಟೂ ಕಷ್ಟವಾಯಿತು. ಪುಸ್ತಕದಲ್ಲಿ ಬರೆಯದೆ ಇದ್ದದ್ದು ನಿಮಗಾಗಿ ಅಲ್ಲ. ಬರೆದರೆ ವಿಚಾರಣೆಯಾಗುತ್ತಿತ್ತು, ನಾನು ಸಿಕ್ಕಿಬೀಳುತ್ತಿದ್ದೆ.

ಸೂಚಿಸಿದವರು ನೀವೆಂದು ನನಗೆ ಹೊಳೆಯಲೇ ಇಲ್ಲ. ಕಲಿಸಿದವಳು ನಾನೇ, ನೀವು ಫಾರಂ ತುಂಬಬಲ್ಲಿರಿ ಎಂಬ ನಂಬಿಕೆ ನನಗೇ ಇರಲಿಲ್ಲ. ಇಂಥವಳಿಗೆ ಕಲಿಸಿದ್ದಕ್ಕೆ ಪ್ರಶಸ್ತಿ.

ಆ ವರ್ಷದ ನನ್ನ ಪಾಠದ ಪುಸ್ತಕ ಟ್ರಂಕಿನಲ್ಲಿ ಸಿಕ್ಕಿತು. ಆ ದಿನದ ಪುಟದಲ್ಲಿ ನನ್ನದೇ ಕೈಬರಹವಿದೆ: "ಅಕ್ಕ ಬಂದಿಲ್ಲ. ಮೂರನೆಯ ಸೀಸೆ ನಾನೇ ತುಂಬಿದೆ." ಅದರ ಜೆರಾಕ್ಸನ್ನು ಸಮಿತಿಗೂ ನಿಮ್ಮ ಹೆಡ್ ಮಾಸ್ಟರಿಗೂ ಕಳಿಸಿದ್ದೇನೆ, ನನ್ನ ಹೆಸರನ್ನು ತೆಗೆದುಹಾಕಿ ಎಂದು ಬರೆದಿದ್ದೇನೆ. ನಿಮಗೂ ಒಂದು ಪ್ರತಿ ಇದರೊಳಗಿದೆ. ನಿಮ್ಮ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಳ್ಳಿ. ಕ್ಷಮಿಸಿ ಎಂದು ಕೇಳುವ ಮುಖವಿಲ್ಲ.

ಸಹಿ ಏನೆಂದು ಹಾಕಲಿ ಗೊತ್ತಾಗುತ್ತಿಲ್ಲ.


ಜುಲೈ 19, ಶನಿವಾರ

ಮೇಡಂ,

ಒಂಬತ್ತರದ್ದೂ ಹನ್ನೊಂದರದ್ದೂ ಒಂದೇ ದಿನ ಬಂದವು. ತಾರೀಖು ನೋಡದೆ ಹನ್ನೊಂದರದ್ದನ್ನೇ ಮೊದಲು ಓದಿದೆ.

ನಿನ್ನೆ ಹೆಡ್ ಮಾಸ್ಟರು ಎರಡು ಕಾಗದಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. "ಅಲ್ಲಮ್ಮಾ, ನಂದಲ್ಲ ನಂದಲ್ಲ ಅಂತ ಜಗಳ ಆಡೋರನ್ನ ಸರ್ವೀಸಲ್ಲೆಲ್ಲ ನೋಡಿದೀನಿ. ನಂದು ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡ್ತಿರೋದು" ಎಂದರು. ಗುಮಾಸ್ತರು ಈ ಸಲ ನಗಲಿಲ್ಲ. ಕುರ್ಚಿ ಎಳೆದು ಕೊಟ್ಟರು. ಅದಕ್ಕೆ ನನಗೆ ಇನ್ನೂ ಭಯವಾಯಿತು. ಒಬ್ಬರದ್ದು ಮಾತ್ರ ನಿಜವಿರಬಹುದು, ನಾನು ಬರೆದದ್ದಕ್ಕೆ ನಿಲ್ಲುತ್ತೇನೋ ಇಲ್ಲವೋ ಎಂದು ಬರುವ ಶುಕ್ರವಾರದೊಳಗೆ ಬರೆದುಕೊಡಬೇಕಂತೆ.

ಮಗಳು ನಿಮ್ಮ ಕಾಗದ ಓದಿ ಕುಣಿದಳು. "ಅಮ್ಮಾ, ನೀನಲ್ಲ! ಬರೀ ನೀನಲ್ಲ ಅಂತ ಬರೆದ್ಕೊಡು, ಮುಗೀತು!" ಅವಳಿಗೆ ಸುಲಭ. ನನಗೆ ನೆಲ ಸರಿದ ಹಾಗಾಗಿದೆ. ನಾಲ್ಕು ವರ್ಷದಲ್ಲಿ ನಾನು ಏನೇನು ಮಾಡಿದ್ದೇನೆ ಎಂದು ನಿಮಗೆ ಎಲ್ಲಿ ಗೊತ್ತು? ಮೊದಲ ವರ್ಷ ಜಾಡಿ ಎತ್ತಿದರೆ ಎಡಗೈಯಿಂದ ಬಲಗೈ ಹಿಡಿದುಕೊಂಡು ತುಂಬುತ್ತಿದ್ದೆ. ಅಮ್ಮ ತೀರಿಕೊಂಡಾಗಲೂ, ಇದು ಆ ಹುಡುಗಿಯ ಕೈ ಸುಟ್ಟದ್ದಕ್ಕೆ ಬಂದದ್ದು ಎಂದುಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ.

ಗುರುವಾರ ಆ ಹುಡುಗಿಯನ್ನು ಕಾಲೇಜಿನ ಗೇಟಿನಲ್ಲಿ ಕಾದು ಕಂಡೆ. ಮಣಿಕಟ್ಟಿನ ಮೇಲೆ ಅಂಗಿ ಗುಂಡಿಯಷ್ಟು ಕಲೆ ಇದೆ. ಸೀಸೆಯಲ್ಲಿ ಬೆಳಿಗ್ಗೆ ಎಷ್ಟಿತ್ತು, ಯಾರು ತುಂಬಿದ್ದು ಕಂಡೆಯಾ ಎಂದು ಕೇಳಿದೆ. "ಸೀಸೆ ಯಾರಿಗೆ ನೆನಪಿರುತ್ತೆ ಸೀಸೆಯಕ್ಕಾ? ನಂಗೆ ಎಣಿಸಿದ್ದೇ ನೆನಪು. ಏಳುನೂರರ ಹತ್ರ ಎಲ್ರೂ ತಪ್ಪಿಸಿದ್ವಿ, ಮಿಸ್ ಮತ್ತೆ ಆರುನೂರಾ ತೊಂಬತ್ತರಿಂದ ಶುರು ಮಾಡಿಸಿದ್ರು" ಎಂದು ನಕ್ಕಳು. ಅವಳಿಂದ ನನಗೆ ಏನೂ ಸಿಗಲಿಲ್ಲ.

ಆರು ಸೀಸೆ ತುಂಬಿದ್ದು ನನಗೆ ನೆನಪಿದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಈಗ ಕಣ್ಣು ಮುಚ್ಚಿದರೆ ಒಮ್ಮೆ ಆರು ಕಾಣುತ್ತದೆ, ಒಮ್ಮೆ ಐದು. ನೆನೆದು ನೆನೆದು ಆ ಸಂಜೆ ಸವೆದುಹೋಗಿದೆ.

ನಿಮ್ಮ ಪ್ರಶಸ್ತಿಯ ಗತಿ ಏನಾಯಿತೆಂದು ಈಗ ಕೇಳುವುದಿಲ್ಲ. ನನ್ನ ಕೆಲಸ ಹೋಗುತ್ತದೋ ಇಲ್ಲವೋ, ಅದನ್ನೂ ಬದಿಗಿಟ್ಟೆ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ನಿಮ್ಮ ಕಾಲು ಹಿಡಿಯಬೇಕೋ, ಅದೇ ನನಗೆ ತಿಳಿಯದು. ನಿಮ್ಮನ್ನು ನಾನು ಬಲ್ಲೆ. ನನ್ನನ್ನು ಉಳಿಸುವುದಕ್ಕೆ ನೀವು ಏನು ಬೇಕಾದರೂ ಹೇಳಬಲ್ಲಿರಿ ಎಂದು ನಾಲ್ಕು ವರ್ಷ ನಂಬಿ ಬದುಕಿದವಳು ನಾನು. ಆ ನಂಬಿಕೆ ಒಂದು ಕಾಗದಕ್ಕೆ ಹೋಗುವುದಿಲ್ಲ.

ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಆ ದಿನದ ಪಾಠ, ಅದರ ಕೆಳಗೆ ಮಕ್ಕಳಿಗೆ ಕೊಟ್ಟ ಮನೆಗೆಲಸ, ಅದಕ್ಕೂ ಕೆಳಗೆ, ಪುಟದ ಅಂಚಿನಲ್ಲಿ ಇಕ್ಕಟ್ಟಾಗಿ, ನನ್ನ ಬಗ್ಗೆ ಬರೆದ ಆ ಸಾಲು. ಕೈಬರಹ ನಿಮ್ಮದೇ. ಆದರೆ ಜೆರಾಕ್ಸಿನಲ್ಲಿ ಎಲ್ಲವೂ ಒಂದೇ ಕಪ್ಪು. ನಾಲ್ಕು ವರ್ಷದ ಹಿಂದಿನ ಇಂಕು ಯಾವುದು, ಹತ್ತು ದಿನದ ಹಿಂದಿನದು ಯಾವುದು ಎಂದು ನನಗೆ ಹೇಗೆ ಗೊತ್ತಾಗಬೇಕು?

ನಾನು ಬರೆದುಕೊಡುವ ಮುಂಚೆ ಆ ಪುಸ್ತಕವನ್ನು ಇನ್ನೊಮ್ಮೆ ತೆಗೆಯಿರಿ ಮೇಡಂ. ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಇಟ್ಟು, ಮನೆಗೆಲಸದ ಸಾಲಿನ ಇಂಕಿನ ಬಣ್ಣ, ಅದರ ಕೆಳಗಿನ ಸಾಲಿನ ಇಂಕಿನ ಬಣ್ಣ, ಎರಡೂ ಒಂದೇನಾ ಎಂದು ನೋಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಶುಕ್ರವಾರದ ಒಳಗೆ ನನಗೆ ತಲುಪಬೇಕು.

ಸೀಸೆಯಕ್ಕ